ಕಮಟು ಕೊಬ್ಬಿಗೆ ತೆರೆದ ಬಾಗಿಲು

ರಕ್ತಪರೀಕ್ಷೆಯ ವರದಿಯನ್ನು ಕೈಯಲ್ಲಿ ಹಿಡಿದು, ಎಲ್‌ಡಿಎಲ್ ಎಂಬ ಸಾಲಿನ ಮುಂದಿನ ಅಂಕಿಯನ್ನು ಎರಡೆರಡು ಸಲ ನೋಡಿದವರು ಈ ಸಭೆಯಲ್ಲಿ ಅನೇಕರಿರಬೇಕು. ಒಂದು ಡೆಸಿಲೀಟರ್ ರಕ್ತದಲ್ಲಿ ಎಷ್ಟು ಮಿಲಿಗ್ರಾಂ ಕೊಲೆಸ್ಟೆರಾಲ್ ಎಲ್‌ಡಿಎಲ್ ಎಂಬ ಸಣ್ಣ ಕೊಬ್ಬಿನ ಕಣಗಳೊಳಗೆ ಕೂತು ಸಾಗುತ್ತಿದೆ ಎಂಬುದನ್ನು ಆ ಅಂಕಿ ಹೇಳುತ್ತದೆ. ಹಾಗೆ ಸಾಗುವ ಕಣವನ್ನು ಜೀವಕೋಶವು ಯಾವ ಬಾಗಿಲಿನಿಂದ ಒಳಗೆ ತೆಗೆದುಕೊಳ್ಳುತ್ತದೆ, ತೆಗೆದುಕೊಂಡದ್ದರ ಲೆಕ್ಕ ಇಡುತ್ತದೆಯೇ ಇಲ್ಲವೇ ಎಂಬುದನ್ನು ಅದು ಹೇಳುವುದಿಲ್ಲ. ನಮ್ಮ ಕೋಶಗಳಲ್ಲಿ ಲೆಕ್ಕ ಇಡುವ ಬಾಗಿಲೂ ಉಂಟು, ಲೆಕ್ಕ ಇಡದ ಬಾಗಿಲೂ ಉಂಟು. ರಕ್ತನಾಳದ ಗೋಡೆಯಲ್ಲಿ ಕೊಬ್ಬು ಕಟ್ಟಿಕೊಳ್ಳುವ ಕಥೆ ಬಹುಮಟ್ಟಿಗೆ ಆ ಎರಡನೆಯ ಬಾಗಿಲಿನ ಕಥೆ ಎಂಬುದನ್ನು ಇಂದು ನಿಮ್ಮ ಮುಂದೆ ಇಡಬೇಕೆಂದಿದ್ದೇನೆ.

ಮೊದಲು ಕಣದ ಪರಿಚಯ ಮಾಡಿಕೊಳ್ಳೋಣ. ಎಲ್‌ಡಿಎಲ್ ಕಣದ ಅಗಲ ಸುಮಾರು 22 ನ್ಯಾನೊಮೀಟರ್. ಒಂದು ಮಿಲಿಮೀಟರ್ ಉದ್ದಕ್ಕೆ ಇಂಥ 45,000 ಕಣಗಳನ್ನು ಸಾಲಾಗಿ ಜೋಡಿಸಬಹುದು. ಕಣದ ಒಡಲಲ್ಲಿ ಸುಮಾರು 1,500 ಕೊಲೆಸ್ಟೆರಾಲ್ ಎಸ್ಟರ್ ಅಣುಗಳಿವೆ, ಅಂದರೆ ಕೊಬ್ಬಿನಾಮ್ಲದ ಬಾಲವನ್ನು ಕಟ್ಟಿಕೊಂಡ ಕೊಲೆಸ್ಟೆರಾಲ್ ಅಣುಗಳು. ಅದರ ಸುತ್ತ ಫಾಸ್ಫೋಲಿಪಿಡ್ ಎಂಬ ಕೊಬ್ಬು ಮತ್ತು ಬಿಡಿ ಕೊಲೆಸ್ಟೆರಾಲ್‌ನ ತೆಳು ಪೊರೆ. ಪೊರೆಯ ಮೇಲೆ, ಹೂವಿನ ಚೆಂಡಿಗೆ ಸುತ್ತಿದ ದಾರದ ಹಾಗೆ, ಒಂದೇ ಒಂದು ದೊಡ್ಡ ಪ್ರೋಟೀನ್. ಅದರ ಹೆಸರು ಅಪೊ-ಬಿ 100, ಉದ್ದ 4,536 ಅಮೈನೊ ಆಮ್ಲಗಳು. ಈ ಪ್ರೋಟೀನಿನಲ್ಲಿ ಲೈಸೀನ್ ಎಂಬ ಅಮೈನೊ ಆಮ್ಲ ಅಲ್ಲಲ್ಲಿ ಇದ್ದು, ಅದರ ತುದಿಯಲ್ಲಿ ಧನ ವಿದ್ಯುದಾವೇಶವಿರುತ್ತದೆ. ದಯವಿಟ್ಟು ಈ ಲೈಸೀನನ್ನು ನೆನಪಿನಲ್ಲಿಡಿ. ಮುಂದೆ ಇಡೀ ಕಥೆ ತಿರುಗುವುದು ಅದರ ಮೇಲೆಯೇ.

ಮೊದಲ ಬಾಗಿಲನ್ನು 1973-74ರ ಸುಮಾರಿಗೆ ಕಂಡುಹಿಡಿದವರು ಅಮೆರಿಕದ ಡಲ್ಲಾಸ್‌ನಲ್ಲಿದ್ದ ಮೈಕೆಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೈನ್. ಕೋಶದ ಹೊರಪೊರೆಯ ಮೇಲೆ ಎಲ್‌ಡಿಎಲ್ ಗ್ರಾಹಕ ಎಂಬ ಪ್ರೋಟೀನು ನಿಂತಿರುತ್ತದೆ. ಅದರ ಋಣ ಆವೇಶದ ಭಾಗವು ಅಪೊ-ಬಿ ಪ್ರೋಟೀನಿನ ಧನ ಆವೇಶದ ಭಾಗವನ್ನು ಹಿಡಿಯುತ್ತದೆ. ಇಂಥ ಗ್ರಾಹಕಗಳು ಪೊರೆಯಲ್ಲಿರುವ ಸಣ್ಣ ಗುಳಿಗಳಲ್ಲಿ ಗುಂಪಾಗಿ ಸೇರಿರುತ್ತವೆ, ಗುಳಿಯ ಒಳಮೈಗೆ ಕ್ಲಾಥ್ರಿನ್ ಎಂಬ ಪ್ರೋಟೀನಿನ ಬುಟ್ಟಿ ಹೆಣೆದಿರುತ್ತದೆ. ಗುಳಿ ಆಳವಾಗುತ್ತಾ ಹೋಗಿ, ಕತ್ತು ಕಿರಿದಾಗಿ, ಕೊನೆಗೆ ಕತ್ತರಿಸಿಕೊಂಡು ಒಂದು ಪುಟ್ಟ ಚೀಲವಾಗಿ ಒಳಗೆ ಬೀಳುತ್ತದೆ. ಚೀಲದೊಳಗೆ ಆಮ್ಲೀಯತೆ ಏರಿದಾಗ ಗ್ರಾಹಕ ತನ್ನ ಹಿಡಿತ ಸಡಿಲಿಸಿ ಮತ್ತೆ ಮೇಲ್ಮೈಗೆ ಹೊರಡುತ್ತದೆ. ಕಣ ಮಾತ್ರ ಕೋಶದ ಜೀರ್ಣಚೀಲವಾದ ಲೈಸೋಸೋಮಿಗೆ ಹೋಗಿ ಜೀರ್ಣವಾಗುತ್ತದೆ. ಒಂದು ಸುತ್ತಿಗೆ ಸುಮಾರು 10 ನಿಮಿಷ ಹಿಡಿಯುತ್ತದೆ, ಒಂದು ಗ್ರಾಹಕ ತನ್ನ ಆಯುಸ್ಸಿನಲ್ಲಿ ಹೀಗೆ ನೂರಕ್ಕೂ ಹೆಚ್ಚು ಸಲ ಹೋಗಿಬರುತ್ತದೆ.

ಇಲ್ಲಿ ಸ್ವಲ್ಪ ದಾರಿ ಬಿಟ್ಟು ಒಂದು ಮಾತು ಹೇಳಬೇಕು. ಬ್ರೌನ್ ಮತ್ತು ಗೋಲ್ಡ್‌ಸ್ಟೈನ್ ಅಧ್ಯಯನ ಮಾಡಿದ ರೋಗಿಗಳಲ್ಲಿ ಜೆ.ಡಿ. ಎಂಬ ಹೆಸರಿನ ಮೊದಲಕ್ಷರಗಳಿಂದಲೇ ಪ್ರಸಿದ್ಧನಾದ ಒಬ್ಬನಿದ್ದ. ಅವನ ಕೋಶಗಳ ಮೇಲೆ ಗ್ರಾಹಕಗಳು ಇದ್ದವು, ಅವು ಕಣವನ್ನು ಹಿಡಿಯುತ್ತಲೂ ಇದ್ದವು. ಆದರೆ ಗುಳಿಗಳಲ್ಲಿ ಒಟ್ಟುಗೂಡುತ್ತಿರಲಿಲ್ಲ, ಹಾಗಾಗಿ ಹಿಡಿದದ್ದು ಒಳಗೆ ಹೋಗುತ್ತಿರಲಿಲ್ಲ. ಗ್ರಾಹಕದ ಬಾಲದಲ್ಲಿ, ಕೋಶದ ಒಳಕ್ಕೆ ಚಾಚಿರುವ ಭಾಗದಲ್ಲಿ, ಒಂದೇ ಒಂದು ಅಮೈನೊ ಆಮ್ಲ ಬದಲಾಗಿತ್ತು: ಟೈರೋಸೀನ್ ಇರಬೇಕಾದಲ್ಲಿ ಸಿಸ್ಟೀನ್ ಇತ್ತು. ಹಿಡಿಯುವುದು ಒಂದು ಕೆಲಸ, ಒಳಗೆ ಒಯ್ಯುವುದು ಇನ್ನೊಂದು ಕೆಲಸ ಎಂಬ ಅರಿವು ಜೀವಕೋಶ ವಿಜ್ಞಾನಕ್ಕೆ ಗಟ್ಟಿಯಾಗಿ ಬಂದದ್ದು ಆ ಒಬ್ಬ ರೋಗಿಯಿಂದ. ನಾನು ವಿದ್ಯಾರ್ಥಿಗಳಿಗೆ ಈ ಪಾಠ ಮಾಡುವಾಗಲೆಲ್ಲ ಅವನನ್ನು ನೆನೆಯದೆ ಮುಂದೆ ಹೋದದ್ದಿಲ್ಲ.

ಈ ಬಾಗಿಲಿನ ದೊಡ್ಡ ಗುಣ ಅದರ ಎಣಿಕೆ. ಒಳಗೆ ಕೊಲೆಸ್ಟೆರಾಲ್ ಸಾಕಷ್ಟು ಬಂದಿದೆ ಎಂದು ಕೋಶಕ್ಕೆ ಗೊತ್ತಾದ ಕೂಡಲೇ ಅದು ಹೊಸ ಗ್ರಾಹಕಗಳ ತಯಾರಿಕೆಯನ್ನು ತಗ್ಗಿಸುತ್ತದೆ, ತನ್ನ ಸ್ವಂತ ಕೊಲೆಸ್ಟೆರಾಲ್ ತಯಾರಿಕೆಯನ್ನೂ ನಿಲ್ಲಿಸುತ್ತದೆ. ಮನೆಗೆ ಬೇಕಾದಷ್ಟು ನೀರು ತುಂಬಿದ ಮೇಲೆ ಸಂಪಿನ ತೇಲುಬುರುಡೆ ನಲ್ಲಿಯನ್ನು ಮುಚ್ಚುವ ಹಾಗೆ. ಆದ್ದರಿಂದ ಸಾಮಾನ್ಯ ಕೋಶವೊಂದು ಎಷ್ಟೇ ಎಲ್‌ಡಿಎಲ್ ನಡುವೆ ನಿಂತರೂ ಈ ಬಾಗಿಲಿನಿಂದ ಅತಿಯಾಗಿ ತುಂಬಿಕೊಳ್ಳುವುದಿಲ್ಲ. ಬ್ರೌನ್ ಮತ್ತು ಗೋಲ್ಡ್‌ಸ್ಟೈನ್ ಅವರಿಗೆ 1985ರ ನೊಬೆಲ್ ಪ್ರಶಸ್ತಿ ಬಂದದ್ದು ಈ ಕೆಲಸಕ್ಕೆ.

ಆದರೆ ಆ ಕೆಲಸವೇ ಒಂದು ಒಗಟನ್ನು ಎದುರಿಗೆ ತಂದಿಟ್ಟಿತು. ತಂದೆ ತಾಯಿ ಇಬ್ಬರಿಂದಲೂ ದೋಷವುಳ್ಳ ಜೀನ್ ಪಡೆದು ಹುಟ್ಟಿದ ಕೆಲವು ಮಕ್ಕಳಲ್ಲಿ ಈ ಗ್ರಾಹಕ ಇಲ್ಲವೇ ಇಲ್ಲ. ಅಂದಿನ ಅಂದಾಜಿನಂತೆ ಹತ್ತು ಲಕ್ಷಕ್ಕೆ ಒಂದು ಮಗು ಹೀಗೆ. ಅವರ ರಕ್ತದಲ್ಲಿ ಎಲ್‌ಡಿಎಲ್ ಹಲವು ಪಟ್ಟು ಏರಿರುತ್ತದೆ, ಚರ್ಮದ ಮೇಲೆ, ಸ್ನಾಯುರಜ್ಜುಗಳ ಮೇಲೆ ಹಳದಿ ಗಂಟುಗಳು ಏಳುತ್ತವೆ, ಬಾಲ್ಯದಲ್ಲೇ ಹೃದಯಾಘಾತವಾಗಬಹುದು. ಗ್ರಾಹಕವಿಲ್ಲದಿದ್ದರೆ ಕೋಶಗಳಿಗೆ ಕೊಲೆಸ್ಟೆರಾಲ್ ಹೋಗಬಾರದಲ್ಲ? ಆದರೆ ಆ ಮಕ್ಕಳ ರಕ್ತನಾಳದ ಗೋಡೆಯ ತುಂಡನ್ನು ಸೂಕ್ಷ್ಮದರ್ಶಕದಡಿ ಇಟ್ಟರೆ ಕಾಣುವುದು ಕೊಲೆಸ್ಟೆರಾಲ್ ಹನಿಗಳಿಂದ ಉಬ್ಬಿ, ಸೋಪಿನ ನೊರೆಯಂತೆ ತೋರುವ ಕೋಶಗಳು. ಅವುಗಳ ಹೆಸರೇ ನೊರೆಕೋಶ. ಬಹುಪಾಲು ಅವು ಮ್ಯಾಕ್ರೋಫೇಜ್‌ಗಳು. ಸತ್ತ ಕೋಶ, ಬ್ಯಾಕ್ಟೀರಿಯಾ, ಹಾಳಾದ ಪ್ರೋಟೀನುಗಳನ್ನೆಲ್ಲ ನುಂಗಿ ಶರೀರವನ್ನು ಶುಚಿಯಾಗಿಡುವ ಬಿಳಿ ರಕ್ತಕಣಗಳ ವಂಶದವು. ಮುಂಬಾಗಿಲೇ ಇಲ್ಲದ ಮನೆಯೊಳಗೆ ಇಷ್ಟು ಸಾಮಾನು ಬಂದದ್ದು ಎಲ್ಲಿಂದ?

1979ರಲ್ಲಿ ಗೋಲ್ಡ್‌ಸ್ಟೈನ್, ಹೋ, ಬಸು ಮತ್ತು ಬ್ರೌನ್ ಸೇರಿ ಇದಕ್ಕೆ ಒಂದು ಸುಳಿವು ಕೊಟ್ಟರು. ಮೂರನೆಯ ಹೆಸರು ನಮ್ಮ ದೇಶದ ಸಂದೀಪ್ ಬಸು ಅವರದು. ಅವರ ಮಾತು ಕೊನೆಯಲ್ಲಿ ಮತ್ತೆ ಬರುತ್ತದೆ. ಇಲಿಯ ಹೊಟ್ಟೆಯಿಂದ ತೆಗೆದ ಮ್ಯಾಕ್ರೋಫೇಜ್‌ಗಳಿಗೆ ಸಹಜ ಎಲ್‌ಡಿಎಲ್ ಕೊಟ್ಟಾಗ ಅವು ಅದನ್ನು ನಿಧಾನವಾಗಿ, ಅಲ್ಪಸ್ವಲ್ಪ ತೆಗೆದುಕೊಂಡವು. ಅದೇ ಎಲ್‌ಡಿಎಲ್‌ನ ಲೈಸೀನ್‌ಗಳಿಗೆ ರಾಸಾಯನಿಕವಾಗಿ ಅಸಿಟೈಲ್ ಗುಂಪನ್ನು ಅಂಟಿಸಿ, ಅವುಗಳ ಧನ ಆವೇಶವನ್ನು ಮುಚ್ಚಿ ಕೊಟ್ಟಾಗ, ಕೋಶಗಳು ಬಕಬಕನೆ ನುಂಗಿ ನೊರೆಕೋಶಗಳಾದವು. ಎಂದರೆ ಮ್ಯಾಕ್ರೋಫೇಜಿಗೆ ಬೇರೆಯೇ ಒಂದು ಗ್ರಾಹಕವಿತ್ತು, ಮತ್ತು ಅದಕ್ಕೆ ರೂಪ ಕೆಟ್ಟ ಎಲ್‌ಡಿಎಲ್ ಬೇಕಿತ್ತು. ತೊಡಕು ಒಂದೇ: ಶರೀರದಲ್ಲಿ ಎಲ್‌ಡಿಎಲ್ ಈ ರೀತಿ ಅಸಿಟೈಲ್ ಆಗುತ್ತದೆ ಎಂಬುದಕ್ಕೆ ಆಧಾರವಿರಲಿಲ್ಲ. ಬಾಗಿಲು ಸಿಕ್ಕಿತು, ಅದರಲ್ಲಿ ನಿಜವಾಗಿ ಹೋಗುವವರು ಯಾರೆಂದು ಗೊತ್ತಾಗಲಿಲ್ಲ.

ಉತ್ತರ ಬಂದದ್ದು ಕ್ಯಾಲಿಫೋರ್ನಿಯಾದ ಡೇನಿಯಲ್ ಸ್ಟೈನ್‌ಬರ್ಗ್ ಅವರ ಪ್ರಯೋಗಾಲಯದಿಂದ. 1981ರಲ್ಲಿ ಅವರ ತಂಡ, ರಕ್ತನಾಳದ ಒಳಹೊದಿಕೆಯ ಕೋಶಗಳ ಜೊತೆ ಎಲ್‌ಡಿಎಲ್ ಅನ್ನು ಇಟ್ಟರೆ ಅದರ ರೂಪ ಬದಲಾಗಿ, ಆಮೇಲೆ ಮ್ಯಾಕ್ರೋಫೇಜ್‌ಗಳು ಅದನ್ನು ಆತುರದಿಂದ ನುಂಗುತ್ತವೆ ಎಂದು ತೋರಿಸಿತು. ಆ ಬದಲಾವಣೆ ಉತ್ಕರ್ಷಣ ಎಂದು 1984ರಲ್ಲಿ ಸ್ಟೈನ್‌ಬ್ರೆಕರ್, ಸಂಪತ್ ಪಾರ್ಥಸಾರಥಿ, ವಿಟ್ಸ್‌ಟಮ್ ಮೊದಲಾದವರು ಸ್ಪಷ್ಟಪಡಿಸಿದರು. ಉತ್ಕರ್ಷಣ ಎಂದರೆ ಗಾಬರಿ ಬೇಡ, ನಿಮ್ಮ ಅಡುಗೆಮನೆಯಲ್ಲಿ ನಡೆಯುವ ಸಂಗತಿಯೇ ಅದು. ಬಹಳ ದಿನ ಇಟ್ಟ ಕಡಲೆಕಾಯಿ ಎಣ್ಣೆಗೂ ಹಳೆಯ ಕೊಬ್ಬರಿಗೂ ಕಮಟು ವಾಸನೆ ಬರುತ್ತದಲ್ಲ, ಅದು ಗಾಳಿಯ ಆಮ್ಲಜನಕ ಕೊಬ್ಬಿನಾಮ್ಲಗಳ ಮೇಲೆ ಎಸಗಿದ ಕೆಲಸ. ಕಲಾಯಿ ಹೋದ ತಾಮ್ರದ ಪಾತ್ರೆಯಲ್ಲಿ ತುಪ್ಪ ಇಡಬಾರದೆಂದು ಮನೆಯ ಹಿರಿಯರು ಹೇಳುತ್ತಿದ್ದರೆ ಅದಕ್ಕೆ ರಸಾಯನಶಾಸ್ತ್ರದ ಆಧಾರವೂ ಇದೆ: ತಾಮ್ರದ ಅಯಾನುಗಳು ಕೊಬ್ಬು ಕಮಟಾಗುವುದನ್ನು ಬಹಳ ವೇಗಗೊಳಿಸುತ್ತವೆ. ಪ್ರಯೋಗಾಲಯದಲ್ಲಿ ಎಲ್‌ಡಿಎಲ್ ಅನ್ನು ಉತ್ಕರ್ಷಿಸಲು ಇಂದಿಗೂ ಬಳಸುವುದು ತಾಮ್ರದ ಸಲ್ಫೇಟ್‌ನ ದ್ರಾವಣವನ್ನೇ.

ಕಣದಲ್ಲಿ ಇದು ನಡೆಯುವ ಬಗೆಯನ್ನು ಬಿಡಿಸಿ ಹೇಳುತ್ತೇನೆ. ಪೊರೆಯಲ್ಲಿರುವ ಬಹು ಅಪರ್ಯಾಪ್ತ ಕೊಬ್ಬಿನಾಮ್ಲಗಳು ಮೊದಲು ಪೆರಾಕ್ಸೈಡ್‌ಗಳಾಗುತ್ತವೆ, ಪೆರಾಕ್ಸೈಡ್‌ಗಳು ಒಡೆದು ಆಲ್ಡಿಹೈಡ್‌ಗಳಾಗುತ್ತವೆ. ಮಲಾನ್‌ಡೈಆಲ್ಡಿಹೈಡ್ ಅವುಗಳಲ್ಲಿ ಒಂದು. ಈ ಆಲ್ಡಿಹೈಡ್‌ಗಳು ನಾನು ನೆನಪಿನಲ್ಲಿಡಲು ಕೇಳಿದ ಲೈಸೀನ್‌ಗಳಿಗೆ ಹೋಗಿ ಅಂಟಿಕೊಳ್ಳುತ್ತವೆ. ಲೈಸೀನಿನ ಧನ ಆವೇಶ ಅಳಿಯುತ್ತದೆ, ಒಟ್ಟು ಕಣ ಹೆಚ್ಚು ಋಣಾತ್ಮಕವಾಗುತ್ತದೆ. ಧನ ಆವೇಶವನ್ನು ನೋಡಿ ಹಿಡಿಯುತ್ತಿದ್ದ ಮೊದಲ ಗ್ರಾಹಕಕ್ಕೆ ಈಗ ಈ ಕಣದ ಗುರುತೇ ಸಿಗುವುದಿಲ್ಲ. ಋಣ ಆವೇಶವನ್ನು ಅರಸುವ ಮ್ಯಾಕ್ರೋಫೇಜ್ ಗ್ರಾಹಕಕ್ಕೆ ಇದೇ ಬೇಕಾದ ವಸ್ತು. ಒಂದೇ ರಾಸಾಯನಿಕ ಬದಲಾವಣೆ ಒಂದು ಬಾಗಿಲನ್ನು ಮುಚ್ಚಿ ಇನ್ನೊಂದನ್ನು ತೆರೆಯಿತು ಎಂಬುದು ನನಗೆ ಈ ವಿಷಯದಲ್ಲಿ ಅತ್ಯಂತ ಸುಂದರವಾಗಿ ತೋರುವ ಭಾಗ.

ಇದು ರಕ್ತದಲ್ಲಿ ಹರಿಯುವಾಗ ಹೆಚ್ಚಾಗಿ ನಡೆಯುವುದಿಲ್ಲ, ಏಕೆಂದರೆ ರಕ್ತದಲ್ಲಿ ಉತ್ಕರ್ಷಣವನ್ನು ತಡೆಯುವ ವಸ್ತುಗಳು ಸಾಕಷ್ಟಿವೆ. ಎಲ್‌ಡಿಎಲ್ ಕಣಗಳು ಅಪಧಮನಿಯ ಒಳಹೊದಿಕೆಯನ್ನು ದಾಟಿ ಗೋಡೆಯೊಳಗೆ ಹೋಗುತ್ತವೆ. ಅಲ್ಲಿ ಪ್ರೋಟಿಯೊಗ್ಲೈಕಾನ್ ಎಂಬ ಋಣ ಆವೇಶದ ಸಕ್ಕರೆ ಸರಪಳಿಗಳಿಗೆ ಅಪೊ-ಬಿ ಸಿಕ್ಕಿಕೊಂಡು ಅಲ್ಲೇ ಉಳಿಯುತ್ತದೆ. ರಕ್ತದಲ್ಲಿ ಕಣಗಳು ಹೆಚ್ಚಿದ್ದಷ್ಟೂ ಸಿಕ್ಕಿಕೊಳ್ಳುವವೂ ಹೆಚ್ಚು. ಹಾಗೆ ಸಿಕ್ಕಿ ಉಳಿದ ಕಣಗಳು ನಿಧಾನವಾಗಿ ಕಮಟಾಗುತ್ತವೆ.

ಇನ್ನು ಗ್ರಾಹಕಗಳಿಗೆ ಬರೋಣ. ಇವನ್ನು ಒಟ್ಟಾಗಿ ಸ್ಕ್ಯಾವೆಂಜರ್ ಗ್ರಾಹಕಗಳು ಎನ್ನುತ್ತಾರೆ. ನಾನು ಪಾಠದಲ್ಲಿ ಕಸ ಎತ್ತುವ ಗ್ರಾಹಕಗಳು ಎನ್ನುತ್ತೇನೆ. ಮೊದಲನೆಯದು ಎಸ್‌ಆರ್-ಎ. ಇದರ ರಚನೆಯನ್ನು 1990ರಲ್ಲಿ ಬಿಡಿಸಿದವರು ಎಂಐಟಿಯ ಮಾಂಟಿ ಕ್ರೀಗರ್ ಮತ್ತು ಕೊಡಾಮಾ ಮೊದಲಾದ ಸಂಗಡಿಗರು. ಮೂರು ಸರಪಳಿಗಳು ಹುರಿಗೊಂಡಂತೆ ಇರುವ ಇದರಲ್ಲಿ ನಮ್ಮ ಮೂಳೆ, ಚರ್ಮದಲ್ಲಿರುವ ಕೊಲಾಜನ್ನಿನಂಥ ಒಂದು ಭಾಗವಿದೆ, ಅಲ್ಲಿ ಧನ ಆವೇಶದ ಅಮೈನೊ ಆಮ್ಲಗಳಿವೆ. ಕಣ ಕೂರುವುದು ಅಲ್ಲಿ.

ಎರಡನೆಯದು ಸಿಡಿ36, ಇದರ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಉತ್ಕರ್ಷಣಗೊಂಡ ಎಲ್‌ಡಿಎಲ್ ಅನ್ನು ಇದು ಹಿಡಿಯುತ್ತದೆ ಎಂದು 1993ರಲ್ಲಿ ತಿಳಿದುಬಂತು. ಇದು ಹುಡುಕುವುದು ಮುಖ್ಯವಾಗಿ ಉತ್ಕರ್ಷಣಗೊಂಡ ಫಾಸ್ಫೋಲಿಪಿಡ್ ಅಣುಗಳನ್ನು. ಸಹಜ ಫಾಸ್ಫೋಲಿಪಿಡ್‌ನ ಕೊಬ್ಬಿನ ಬಾಲ ನೀರಿಗೆ ಹೆದರಿ ಪೊರೆಯೊಳಗೆ ಅಡಗಿರುತ್ತದೆ. ಉತ್ಕರ್ಷಣವಾದ ಮೇಲೆ ಅದು ನೀರಿಗೆ ಒಲಿಯುವ ಗುಣ ಪಡೆದು ಮೀಸೆಯ ಹಾಗೆ ಹೊರಕ್ಕೆ ಚಾಚಿಕೊಳ್ಳುತ್ತದೆ. ಸಿಡಿ36 ಆ ಮೀಸೆಯನ್ನು ಹಿಡಿಯುತ್ತದೆ. ಇದೇ ಪ್ರೋಟೀನು ಹೃದಯದ ಸ್ನಾಯುವಿಗೆ ಕೊಬ್ಬಿನಾಮ್ಲ ಒಯ್ಯಲೂ ನೆರವಾಗುತ್ತದೆ, ಮಲೇರಿಯಾ ಪರೋಪಜೀವಿ ಹೊಕ್ಕ ಕೆಂಪು ರಕ್ತಕಣಗಳು ರಕ್ತನಾಳದ ಗೋಡೆಗೆ ಅಂಟಿಕೊಳ್ಳುವುದೂ ಇದನ್ನೇ ಹಿಡಿದು. ಹಣ್ಣುನೊಣದಲ್ಲಿಯೂ ಇದರ ಬಂಧು ಒಂದಿದೆ. ಸತ್ತ ಕೋಶಗಳನ್ನು ತೆರವು ಮಾಡುವ ಅದಕ್ಕೆ ಶವಸಂಸ್ಕಾರ ಮಾಡುವವನು ಎಂಬ ಅರ್ಥದ ಫ್ರೆಂಚ್ ಹೆಸರು, ಕ್ರೋಕ್‌ಮಾರ್. ನೊಣಕ್ಕೆ ಹೃದಯಾಘಾತದ ಚಿಂತೆಯಿಲ್ಲ. ಈ ಗ್ರಾಹಕಗಳು ಹುಟ್ಟಿದ್ದು ರೋಗಕ್ಕಾಗಿ ಅಲ್ಲ, ಬಹಳ ಹಳೆಯದಾದ ಶುಚಿ ಮತ್ತು ರಕ್ಷಣೆಯ ಕೆಲಸಕ್ಕಾಗಿ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ತಿಳಿಯದು.

ಮೂರನೆಯದು ಲಾಕ್ಸ್-1. 1997ರಲ್ಲಿ ಜಪಾನಿನ ತತ್ಸುಯಾ ಸಾವಾಮುರಾ ಅವರ ತಂಡ ಕಂಡುಹಿಡಿದ ಇದು ಇರುವುದು ಮುಖ್ಯವಾಗಿ ರಕ್ತನಾಳದ ಒಳಹೊದಿಕೆಯ ಕೋಶಗಳ ಮೇಲೆ. ಇಲ್ಲಿ ಕಣ ಅಂಟಿದರೆ ಒಳಹೊದಿಕೆ ಮಂಕಾಗುತ್ತದೆ, ನಾಳವನ್ನು ಸಡಿಲಿಸುವ ನೈಟ್ರಿಕ್ ಆಕ್ಸೈಡ್ ಕಡಿಮೆಯಾಗುತ್ತದೆ, ಬಿಳಿ ರಕ್ತಕಣಗಳನ್ನು ಕರೆದು ನಿಲ್ಲಿಸಿಕೊಳ್ಳುವ ಅಂಟು ಅಣುಗಳು ಮೇಲೆ ಮೂಡುತ್ತವೆ.

ಹಿಡಿದ ಮೇಲೆ ಒಳಗೆ ಒಯ್ಯಬೇಕು. ಎಸ್‌ಆರ್-ಎ ಕ್ಲಾಥ್ರಿನ್ ಗುಳಿಗಳ ದಾರಿ ಹಿಡಿದರೆ, ಸಿಡಿ36 ಬೇರೆ ದಾರಿಯಲ್ಲಿ ಹೋಗುತ್ತದೆ. ಒಳದಾರಿಗಳು ಹಲವು ಎಂಬ ಈ ತಿಳಿವಳಿಕೆಗೆ ನಮ್ಮ ಊರಿನ ಕೊಡುಗೆಯೂ ಇದೆ. ಬೆಂಗಳೂರಿನ ಜಿಕೆವಿಕೆ ಆವರಣದಲ್ಲಿರುವ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ಸತ್ಯಜಿತ್ ಮೇಯರ್ ಅವರ ತಂಡ ಕ್ಲಾಥ್ರಿನ್ ಬೇಡದ ಒಂದು ಒಳದಾರಿಯನ್ನು 2002ರಲ್ಲಿ ವಿವರಿಸಿತು. ಮರುವರ್ಷ ಅವರು ಹಣ್ಣುನೊಣದ ರಕ್ತಕೋಶಗಳಲ್ಲಿ ಒಂದು ಪ್ರಯೋಗ ಮಾಡಿದರು. ಶಿಬಿರೆ ಎಂಬ ನೊಣದ ತಳಿಯಿದೆ; ಜಪಾನಿ ಭಾಷೆಯಲ್ಲಿ ಜೋಮು ಹಿಡಿಯುವುದು ಎಂದು ಆ ಪದದ ಅರ್ಥ. ಬಿಸಿ ಏರಿಸಿದರೆ ನೊಣ ನಿಶ್ಚಲವಾಗಿ ಬೀಳುತ್ತದೆ, ತಣ್ಣಗಾದರೆ ಏಳುತ್ತದೆ. ಪೊರೆಯ ಚೀಲದ ಕತ್ತನ್ನು ಕತ್ತರಿಸುವ ಡೈನಮಿನ್ ಎಂಬ ಪ್ರೋಟೀನು ಆ ತಳಿಯಲ್ಲಿ ಬಿಸಿಗೆ ಕೆಲಸ ನಿಲ್ಲಿಸುವುದೇ ಇದರ ಕಾರಣ. ಆ ನೊಣಗಳ ರಕ್ತಕೋಶಗಳನ್ನು ಬಿಸಿಯಲ್ಲಿಟ್ಟಾಗ, ಋಣ ಆವೇಶದ ವಸ್ತುಗಳನ್ನು ಹಿಡಿಯುವ ಗ್ರಾಹಕಗಳ ಒಳಸಾಗಣೆ ನಿಂತುಹೋಯಿತು, ಸುತ್ತಲಿನ ದ್ರವವನ್ನು ಗುಟುಕರಿಸುವ ಕೆಲಸ ಮಾತ್ರ ನಡೆದೇ ಇತ್ತು. ಎರಡು ದಾರಿಗಳೂ ಬೇರೆ ಬೇರೆ ಎಂದು ಕಣ್ಣಿಗೆ ಕಾಣಿಸಿದ ಹಾಗಾಯಿತು.

ಒಳಗೆ ಹೋದ ಕಣ ಲೈಸೋಸೋಮಿನಲ್ಲಿ ಒಡೆಯುತ್ತದೆ, ಬಿಡಿಯಾದ ಕೊಲೆಸ್ಟೆರಾಲ್‌ಗೆ ಮತ್ತೆ ಕೊಬ್ಬಿನಾಮ್ಲ ಕಟ್ಟಿ ಹನಿಗಳಾಗಿ ಕೂಡಿಡಲಾಗುತ್ತದೆ. ಇಲ್ಲಿಗೆ ನಾನು ಆರಂಭದಲ್ಲಿ ಹೇಳಿದ ಲೆಕ್ಕದ ಮಾತು ಬಂತು. ಕೊಲೆಸ್ಟೆರಾಲ್ ಎಷ್ಟು ತುಂಬಿದರೂ ಕಸ ಎತ್ತುವ ಗ್ರಾಹಕಗಳ ಸಂಖ್ಯೆ ಇಳಿಯುವುದಿಲ್ಲ. ಸಿಡಿ36 ವಿಷಯದಲ್ಲಿ ಅದು ಏರುತ್ತದೆ ಕೂಡ: ಕಣದೊಂದಿಗೆ ಬಂದ ಉತ್ಕರ್ಷಿತ ಕೊಬ್ಬುಗಳು ಪಿಪಿಎಆರ್-ಗಾಮಾ ಎಂಬ ಪ್ರೋಟೀನನ್ನು ಎಚ್ಚರಿಸುತ್ತವೆ, ಅದು ಕೋಶಕೇಂದ್ರದಲ್ಲಿ ಇನ್ನಷ್ಟು ಸಿಡಿ36 ತಯಾರಿಸಲು ಆಜ್ಞೆ ಕೊಡುತ್ತದೆ. 1998ರಲ್ಲಿ ಇದು ಪ್ರಕಟವಾದಾಗ ಓದಿ ನಾನು ಬಹಳ ಹೊತ್ತು ಸುಮ್ಮನೆ ಕೂತಿದ್ದೆ. ಸಂಪು ತುಂಬಿದಷ್ಟೂ ನಲ್ಲಿ ಅಗಲವಾಗುವ ವ್ಯವಸ್ಥೆ ಇದು. ಮ್ಯಾಕ್ರೋಫೇಜ್ ತಪ್ಪು ಮಾಡುತ್ತಿಲ್ಲ. ಕಸ ಹೆಚ್ಚಿದ್ದರೆ ಎತ್ತುವ ಕೈಗಳೂ ಹೆಚ್ಚಬೇಕೆಂಬುದು ಅದರ ಕರ್ತವ್ಯ. ಗಾಯವೊಂದರಲ್ಲಿ, ಸೋಂಕಿನಲ್ಲಿ, ಆ ಕಸ ಮುಗಿಯುತ್ತದೆ. ರಕ್ತನಾಳದ ಗೋಡೆಯಲ್ಲಿ ಮುಗಿಯುವುದಿಲ್ಲ, ಅದು ವರ್ಷಗಟ್ಟಲೆ ಬರುತ್ತಲೇ ಇರುತ್ತದೆ.

ಹೊರದಾರಿಯೂ ಒಂದಿದೆ ಎನ್ನುವುದನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. ಎಬಿಸಿಎ1 ಎಂಬ ಪಂಪು ಕೊಲೆಸ್ಟೆರಾಲ್ ಅನ್ನು ಹೊರಕ್ಕೆ ತಳ್ಳಿ, ಅದನ್ನು ಯಕೃತ್ತಿನತ್ತ ಹೊತ್ತೊಯ್ಯುವ ಎಚ್‌ಡಿಎಲ್ ಕಣದ ತಯಾರಿಗೆ ಒಪ್ಪಿಸುತ್ತದೆ. ಆದರೆ ಒಳಹರಿವು ಮೇಲುಗೈಯಾದಲ್ಲಿ ಕೊಲೆಸ್ಟೆರಾಲ್ ಹರಳುಗಟ್ಟುತ್ತದೆ. ಆ ಹರಳುಗಳು ಕೋಶದೊಳಗೆ ಉರಿಯೂತದ ಯಂತ್ರವೊಂದನ್ನು ಚಾಲೂ ಮಾಡುತ್ತವೆ ಎಂದು 2010ರಲ್ಲಿ ಗೊತ್ತಾಯಿತು. ಕೊನೆಗೆ ನೊರೆಕೋಶ ಸಾಯುತ್ತದೆ, ತುಂಬಿಕೊಂಡದ್ದನ್ನೆಲ್ಲ ಗೋಡೆಯಲ್ಲೇ ಚೆಲ್ಲುತ್ತದೆ.

ಉತ್ಕರ್ಷಣವೇ ಕಾರಣವಾದರೆ ವಿಟಮಿನ್ ಇ ಮಾತ್ರೆ ನುಂಗಿ ತಡೆಯಬಹುದಲ್ಲ ಎಂದು ನಿಮ್ಮಲ್ಲಿ ಹಲವರಿಗೆ ಅನಿಸಿರಬಹುದು. ವಿಜ್ಞಾನಿಗಳಿಗೂ ಹಾಗೆಯೇ ಅನಿಸಿತು. 2000ದಲ್ಲಿ ಪ್ರಕಟವಾದ ಹೋಪ್ ಅಧ್ಯಯನದಲ್ಲಿ 9,500ಕ್ಕೂ ಹೆಚ್ಚು ಜನರಲ್ಲಿ ಪರೀಕ್ಷಿಸಿದರೂ ಹೃದಯಾಘಾತ ತಗ್ಗಲಿಲ್ಲ. 2002ರ ಬ್ರಿಟನ್ನಿನ ಹಾರ್ಟ್ ಪ್ರೊಟೆಕ್ಷನ್ ಅಧ್ಯಯನ 20,536 ಜನರದು. ಅದರಲ್ಲಿ ವಿಟಮಿನ್ ಇ, ಸಿ ಮತ್ತು ಬೀಟಾ ಕ್ಯಾರೋಟಿನ್ ಮಾತ್ರೆಗಳಿಂದ ಏನೂ ಲಾಭವಾಗಲಿಲ್ಲ, ಅದೇ ಜನರಲ್ಲಿ ಪರೀಕ್ಷಿಸಿದ, ಕೊಲೆಸ್ಟೆರಾಲ್ ತಗ್ಗಿಸುವ ಸ್ಟಾಟಿನ್ ಗುಂಪಿನ ಸಿಮ್ವಾಸ್ಟಾಟಿನ್ ಮಾತ್ರೆ ಹೃದಯಾಘಾತ ಮತ್ತು ಪಾರ್ಶ್ವವಾಯುವನ್ನು ಸುಮಾರು ಕಾಲು ಭಾಗ ತಗ್ಗಿಸಿತು. ಸ್ಟಾಟಿನ್ ಕೆಲಸ ಮಾಡುವುದು ಮೊದಲ ಬಾಗಿಲಿನಲ್ಲಿ: ಯಕೃತ್ತಿನ ಕೋಶಗಳು ಹೆಚ್ಚು ಎಲ್‌ಡಿಎಲ್ ಗ್ರಾಹಕಗಳನ್ನು ಮೂಡಿಸಿಕೊಂಡು ಕಣಗಳನ್ನು ರಕ್ತದಿಂದಲೇ ಎತ್ತುತ್ತವೆ, ಗೋಡೆಗೆ ಹೋಗಿ ಕಮಟಾಗಲು ಉಳಿಯುವ ಕಣಗಳೇ ಕಡಿಮೆಯಾಗುತ್ತವೆ. ಆದ್ದರಿಂದ ಉತ್ಕರ್ಷಣವನ್ನು ತಡೆಯುತ್ತೇವೆಂದು ಮಾರುವ ಮಾತ್ರೆಗಳಿಗೆ ಹಣ ಸುರಿದು, ವೈದ್ಯರು ಬರೆದುಕೊಟ್ಟ ಸ್ಟಾಟಿನ್ ಅನ್ನು ಬದಿಗಿಡುವುದನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಮಾತಿನ ನಡುವೆ ಹಿಂದಿನ ಸಾಲಿನಿಂದ ತಾಯಿಯೊಬ್ಬರು, ಬೋಂಡಾ ಅಂಗಡಿಯ ಬಾಣಲೆಯಲ್ಲಿ ಮತ್ತೆ ಮತ್ತೆ ಕಾದ ಎಣ್ಣೆಯೇ ರಕ್ತನಾಳದಲ್ಲಿ ಹೀಗೆ ಅಂಟುತ್ತದೆಯೇ ಎಂದು ಕೇಳಿದರು. ಇಲ್ಲಮ್ಮ, ತಿಂದ ಎಣ್ಣೆ ಹಾಗೆಯೇ ಹೋಗಿ ಗೋಡೆಗೆ ಕೂರುವುದಿಲ್ಲ; ನಾನು ಹೇಳಿದ ಕಣ ಕಮಟಾಗುವುದು ಗೋಡೆಯೊಳಗೆ. ಹಾಗೆಂದು ಆ ಎಣ್ಣೆ ಒಳ್ಳೆಯದಲ್ಲ. ಪದೇ ಪದೇ ಕಾಯಿಸಿದ ಎಣ್ಣೆಯಲ್ಲಿ ಒಟ್ಟು ಪೋಲಾರ್ ವಸ್ತುಗಳು, ಅಂದರೆ ಎಣ್ಣೆ ಕೆಟ್ಟಾಗ ಹುಟ್ಟುವ ವಸ್ತುಗಳು, ಶೇಕಡಾ 25 ಮೀರಿದರೆ ಅದನ್ನು ಬಳಸಬಾರದೆಂಬ ನಿಯಮ 2018ರ ಜುಲೈ 1ರಿಂದ ದೇಶದಲ್ಲಿ ಜಾರಿಯಲ್ಲಿದೆ.

ಇನ್ನೊಬ್ಬ ಯುವಕರು, ಈ ಎರಡನೆಯ ಬಾಗಿಲನ್ನೇ ಮುಚ್ಚಿಬಿಟ್ಟರೆ ಹೇಗೆ ಎಂದು ಕೇಳಿದರು. ಇಲಿಗಳಲ್ಲಿ ಅದನ್ನು ಮಾಡಿ ನೋಡಿದ್ದಾರೆ. ಎಸ್‌ಆರ್-ಎ ಇಲ್ಲದ ಇಲಿಗಳಲ್ಲಿ ಗೋಡೆಯ ಕೊಬ್ಬು ಕಡಿಮೆಯಾಯಿತು ಎಂದು 1997ರಲ್ಲಿ ವರದಿಯಾಯಿತು. ಆದರೆ ಅದೇ ಇಲಿಗಳು ಲಿಸ್ಟೀರಿಯಾ ಬ್ಯಾಕ್ಟೀರಿಯಾಕ್ಕೂ ಹರ್ಪಿಸ್ ವೈರಸ್ಸಿಗೂ ಸುಲಭವಾಗಿ ತುತ್ತಾದವು. 2005ರಲ್ಲಿ ಇನ್ನೊಂದು ತಂಡ ಎಸ್‌ಆರ್-ಎ ಅಥವಾ ಸಿಡಿ36 ಇಲ್ಲದ ಇಲಿಗಳನ್ನು ನೋಡಿದಾಗ ಗೋಡೆಯ ಕೊಬ್ಬು ನಿರೀಕ್ಷಿಸಿದಂತೆ ಇಳಿದಿರಲಿಲ್ಲ. ಒಂದು ಬಾಗಿಲು ಮುಚ್ಚಿದರೆ ಇನ್ನೊಂದರಿಂದ ಕಣ ಒಳಗೆ ಹೋಗುತ್ತದೆ ಎಂಬುದು ನನ್ನ ಓದು.

ಸಂದೀಪ್ ಬಸು ಅವರು ಈ ಬಾಗಿಲನ್ನು ಮುಚ್ಚಲು ಹೋಗಲಿಲ್ಲ, ಅದರಿಂದ ಕೆಲಸ ತೆಗೆದರು. ಅಮೆರಿಕದಿಂದ ಹಿಂತಿರುಗಿ ಭಾರತದಲ್ಲಿ ಸಂಶೋಧನೆ ಮುಂದುವರಿಸಿ, ಆಮೇಲೆ ದೆಹಲಿಯ ರಾಷ್ಟ್ರೀಯ ರೋಗನಿರೋಧಕ ವಿಜ್ಞಾನ ಸಂಸ್ಥೆಯ ನಿರ್ದೇಶಕರೂ ಆದವರು ಅವರು. ಬಿಹಾರ, ಬಂಗಾಳಗಳಲ್ಲಿ ಕಾಡುತ್ತಿದ್ದ ಕಾಲಾ ಆಜಾರ್ ರೋಗದ ಲೀಷ್ಮೇನಿಯಾ ಪರೋಪಜೀವಿ ಅಡಗುವುದು ಮ್ಯಾಕ್ರೋಫೇಜಿನ ಒಳಗೇ. ಬಸು ಮತ್ತು ಸಂಗಡಿಗರು ಆಲ್ಬುಮಿನ್ ಪ್ರೋಟೀನಿನ ಲೈಸೀನ್‌ಗಳಿಗೆ ಮೆಲೆಯಿಲ್ ಗುಂಪನ್ನು ಅಂಟಿಸಿ, ಧನ ಆವೇಶವನ್ನು ಅಳಿಸಿ, ಅದರ ಮೇಲೆ ಮೆಥೊಟ್ರೆಕ್ಸೇಟ್ ಔಷಧಿಯನ್ನು ಕೂರಿಸಿದರು. ಮ್ಯಾಕ್ರೋಫೇಜ್ ಅದನ್ನು ಕಸವೆಂದೇ ಬಗೆದು, ಕಮಟು ಎಲ್‌ಡಿಎಲ್ ಅನ್ನು ನುಂಗುವ ಹಾಗೆ ನುಂಗಿತು. ಬಿಡಿಯಾಗಿ ಕೊಟ್ಟ ಔಷಧಿಗಿಂತ ಹಲವು ಪಟ್ಟು ಪರಿಣಾಮಕಾರಿಯಾಗಿ ಒಳಗಿನ ಪರೋಪಜೀವಿಗಳು ಸತ್ತವು ಎಂದು 1989ರಲ್ಲಿ ಅವರು ಪ್ರಕಟಿಸಿದರು.